ಶಿಕ್ಷಕರು ಆನ್‌ಲೈನ್‌ನಲ್ಲಿ ಕೂಡಿ ಕಲಿಯುವುದು ಹೇಗೆ? ಸಣ್ಣ ಗುಂಪು ಕಟ್ಟಿ ನಡೆಸುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಸರ್ಕಾರಿ ಶಾಲೆಯ ಯಾವ ಮೇಷ್ಟ್ರ ಫೋನ್ ತೆಗೆದು ನೋಡಿದರೂ ವಾಟ್ಸಾಪ್ ಗುಂಪುಗಳಿಗೆ ಬರವಿಲ್ಲ. ಕ್ಲಸ್ಟರಿನದೊಂದು, ತಾಲ್ಲೂಕಿನದೊಂದು, ವಿಷಯವಾರು ಒಂದು, ಸಂಘದ್ದೊಂದು, ಯಾವುದೋ ತರಬೇತಿಗೆ ಹೋದಾಗ ಶುರು ಮಾಡಿ ಮರೆತದ್ದು ಇನ್ನೊಂದು. ಬೆಳಗಾದರೆ ಶುಭೋದಯ, ಹತ್ತು ಗಂಟೆಗೆ 'ತುರ್ತು, ಇಂದೇ ಮಾಹಿತಿ ನೀಡಿ', ಮಧ್ಯಾಹ್ನ ಸ್ಯಾಟ್ಸ್‌ನಲ್ಲಿ (ಮಕ್ಕಳ ವಿವರ ತುಂಬುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ಎಂಟ್ರಿ ಬಾಕಿ ಇರುವ ಶಾಲೆಗಳ ಪಟ್ಟಿ, ರಾತ್ರಿ ಯಾರದೋ ನಿವೃತ್ತಿಗೆ ಅಭಿನಂದನೆ. ನಡುನಡುವೆ ಪಿಡಿಎಫ್‌ಗಳು ಬಂದು ಬೀಳುತ್ತಲೇ ಇರುತ್ತವೆ. ಪಾಠ ಯೋಜನೆ, ಪ್ರಶ್ನೆಕೋಠಿ, ವರ್ಕ್‌ಶೀಟ್. ಡೌನ್‌ಲೋಡ್ ಮಾಡುತ್ತೇವೆ, ತೆರೆಯುವುದಿಲ್ಲ, ಫೋನ್ ತುಂಬಿದಾಗ ಅಳಿಸುತ್ತೇವೆ.

ಇಷ್ಟೆಲ್ಲ ಹಂಚಿಕೊಂಡರೂ ನಾಳೆ ಬೆಳಗ್ಗೆ ನಮ್ಮ ತರಗತಿಯಲ್ಲಿ ಏನೂ ಬದಲಾಗುವುದಿಲ್ಲ. ಕಾರಣ ಇಷ್ಟೇ: ಗುಂಪಿನಲ್ಲಿ ಎಲ್ಲವೂ ಇರುತ್ತದೆ, ಮಕ್ಕಳು ಬರೆದದ್ದು ಮಾತ್ರ ಇರುವುದಿಲ್ಲ. ಮಗುವಿನ ನೋಟ್‌ಬುಕ್ಕಿನ ಒಂದು ಪುಟವನ್ನು ಹತ್ತು ಜನ ಶಿಕ್ಷಕರು ಒಟ್ಟಿಗೆ ಕೂತು ನೋಡಿದರೆ ಸಿಗುವಷ್ಟು ಕಲಿಕೆ ನೂರು ಪಿಡಿಎಫ್‌ನಲ್ಲಿ ಸಿಗುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಂಥ ಗುಂಪನ್ನು ಆನ್‌ಲೈನ್‌ನಲ್ಲಿ ಕಟ್ಟುವುದು ಹೇಗೆ, ನಡೆಸುವುದು ಹೇಗೆ ಅನ್ನುವುದನ್ನು ಒಂದೊಂದೇ ಹೆಜ್ಜೆಯಾಗಿ ಬರೆದಿದ್ದೇನೆ. ಪ್ರಾಥಮಿಕ ಶಾಲೆಯ ಗಣಿತದ ಉದಾಹರಣೆ ಜಾಸ್ತಿ ಬರುತ್ತದೆ. ಹೈಸ್ಕೂಲಿನವರು, ಬೇರೆ ವಿಷಯದವರು ತಮಗೆ ಬೇಕಾದಂತೆ ಬದಲಿಸಿಕೊಳ್ಳಿ.

ಮೊದಲು ಸ್ವಲ್ಪ ಹಿನ್ನೆಲೆ

ಕೂಡಿ ಕಲಿಯುವುದು ನಮ್ಮಲ್ಲಿ ಹೊಸದೇನಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಶುರುವಾದಾಗ ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿಕೊಂಡು ಬಂದು, ತಾವೇ ಗುಂಪಾಗಿ ಕೂತು ಕಾರ್ಡುಗಳನ್ನು ತಯಾರಿಸಿದರು. 2011ರ ಸುಮಾರಿಗೆ ಡಿಎಸ್‌ಇಆರ್‌ಟಿ (ರಾಜ್ಯದ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆ), ಆರ್‌ಎಂಎಸ್‌ಎ (ಹೈಸ್ಕೂಲುಗಳಿಗಾಗಿ ಇದ್ದ ಕೇಂದ್ರದ ಯೋಜನೆ) ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಹೈಸ್ಕೂಲ್ ಶಿಕ್ಷಕರಿಗಾಗಿ ವಿಷಯ ಶಿಕ್ಷಕರ ವೇದಿಕೆ ಶುರು ಮಾಡಿದವು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರು ಇಮೇಲ್‌ನಲ್ಲೇ ಪ್ರಶ್ನೆ ಕೇಳಿ, ಬೇರೆ ಜಿಲ್ಲೆಯವರಿಂದ ಉತ್ತರ ಪಡೆಯುತ್ತಿದ್ದರು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ವಿಕಿ ಬೆಳೆದದ್ದೂ ಇದೇ ದಾರಿಯಲ್ಲಿ.

ಆಮೇಲೆ 2017ರಲ್ಲಿ ಕೇಂದ್ರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾ ಬಂತು, ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಕೋಡ್ ಬಂತು. 2019ರಲ್ಲಿ ಮುಖಾಮುಖಿಯಾಗಿ ಶುರುವಾದ, ದೇಶದ ಶಿಕ್ಷಕರಿಗಾಗಿನ ನಿಷ್ಠಾ ತರಬೇತಿ ಕೊರೋನಾ ಕಾಲದಲ್ಲಿ, 2020ರ ಅಕ್ಟೋಬರ್‌ನಿಂದ, ದೀಕ್ಷಾದಲ್ಲೇ ನಡೆಯಿತು. ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕು ಅಂತು. ಕೋರ್ಸುಗಳಿಂದ ಪ್ರಯೋಜನ ಇಲ್ಲ ಅಂತ ನಾನು ಹೇಳುವುದಿಲ್ಲ, ಕೆಲವು ನಿಜಕ್ಕೂ ಚೆನ್ನಾಗಿವೆ. ಆದರೆ ಕೋರ್ಸು ಅಂದರೆ ಒಬ್ಬರೇ ಕೂತು ವಿಡಿಯೋ ನೋಡಿ, ಕ್ವಿಜ್ ಬರೆದು, ಸರ್ಟಿಫಿಕೇಟ್ ಇಳಿಸಿಕೊಳ್ಳುವುದು. ವಿಡಿಯೋ ಓಡುವಾಗ ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿರುತ್ತದೆ, ಎಲ್ಲರಿಗೂ ಗೊತ್ತಿರುವ ವಿಷಯವೇ ಅಲ್ವಾ. ಅಲ್ಲಿ 'ನನ್ನ ಕ್ಲಾಸಲ್ಲಿ ಇದು ನಡೆಯಲಿಲ್ಲ, ಯಾಕೆ?' ಅಂತ ಕೇಳಲು ಯಾರೂ ಸಿಗುವುದಿಲ್ಲ. ನಾವು ಕಟ್ಟಬೇಕಾದ ಗುಂಪು ಆ ಪ್ರಶ್ನೆಗಾಗಿಯೇ.

ಹೆಜ್ಜೆ 1: ಜನರನ್ನು ಹುಡುಕಿ, 'ಆ್ಯಡ್' ಮಾಡಬೇಡಿ

ಎಂಟರಿಂದ ಹನ್ನೆರಡು ಜನ ಸಾಕು. ವಾಟ್ಸಾಪ್ ಗುಂಪಿಗೆ 1024 ಜನರವರೆಗೆ ಸೇರಿಸಬಹುದು, ಆದರೆ ಸೇರಿಸಬಹುದು ಅಂತ ಸೇರಿಸಿದರೆ ಇನ್ನೊಂದು ಸುತ್ತೋಲೆ ಗುಂಪು ಹುಟ್ಟುತ್ತದೆ, ಅಷ್ಟೇ. ಒಂದು ಗಂಟೆಯ ಮೀಟಿಂಗ್‌ನಲ್ಲಿ ಪ್ರತಿಯೊಬ್ಬರಿಗೂ ಬಾಯಿ ಬಿಡಲು ಅವಕಾಶ ಸಿಗಬೇಕು ಅಂದರೆ ಹನ್ನೆರಡೇ ಜಾಸ್ತಿ.

ಎಲ್ಲರೂ ಒಂದೇ ತರಗತಿ, ಒಂದೇ ವಿಷಯ ಕಲಿಸುವವರಾಗಿರಲಿ. ಶಾಲೆಗಳು ಮಾತ್ರ ಬೇರೆ ಬೇರೆ ಇರಲಿ. ಪಟ್ಟಣದ ದೊಡ್ಡ ಶಾಲೆಯ ಒಬ್ಬರು, ತೋಟದ ಮನೆಗಳ ನಡುವಿನ ಸಣ್ಣ ಶಾಲೆಯ ಒಬ್ಬರು, ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ ಕೂರಿಸಿಕೊಂಡು ಪಾಠ ಮಾಡುವ ಒಬ್ಬರಾದರೂ ಇರಲೇಬೇಕು. 'ಇದು ಚೆನ್ನಾಗಿದೆ ಸರ್, ಆದರೆ ಈ ಚಟುವಟಿಕೆಗೆ ನಲವತ್ತು ನಿಮಿಷ ಬೇಕು, ಅಷ್ಟು ಹೊತ್ತು ನನ್ನ ಐದನೇ ಕ್ಲಾಸಿನವರು ಏನು ಮಾಡಬೇಕು?' ಅಂತ ಕೇಳುವವರು ಅವರೇ. ಆ ಪ್ರಶ್ನೆ ಬಂದಾಗಲೇ ಪಾಠ ಯೋಜನೆ ನೆಲಕ್ಕೆ ಇಳಿಯುವುದು.

ಗುಂಪಿಗೆ ನೇರವಾಗಿ ಸೇರಿಸುವ ಬದಲು ಒಬ್ಬೊಬ್ಬರಿಗೂ ಫೋನ್ ಮಾಡಿ. ದೊಡ್ಡ ಪೀಠಿಕೆ ಏನೂ ಬೇಡ. 'ಮೇಡಂ, ನಿಮ್ಮ ನಾಲ್ಕನೇ ಕ್ಲಾಸಲ್ಲಿ ಸಾಲ ತಗೊಂಡು ಕಳೆಯೋ ಲೆಕ್ಕ ಹೇಗೆ ನಡೀತಿದೆ? ನಮ್ಮಲ್ಲಿ ಅರ್ಧ ಮಕ್ಕಳಿಗೆ ಬರ್ತಿಲ್ಲ. ಒಂದಷ್ಟು ಜನ ಸೇರಿ ಆರು ವಾರ ಇದನ್ನೇ ನೋಡೋಣ ಅಂತಿದ್ದೀವಿ, ಬರ್ತೀರಾ?' ಇಷ್ಟು ಸಾಕು. 'ಆರು ವಾರ' ಅನ್ನುವುದನ್ನು ಬಿಡದೆ ಹೇಳಿ. ಯಾವಾಗ ಮುಗಿಯುತ್ತದೆ ಅಂತ ಗೊತ್ತಿಲ್ಲದ ಕೆಲಸಕ್ಕೆ ಯಾರೂ ಕೈ ಹಾಕುವುದಿಲ್ಲ.

ಸಿಆರ್‌ಪಿ, ಅಂದರೆ ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ, ಇರಬೇಕಾ ಬೇಡವಾ? ಈ ಪ್ರಶ್ನೆ ಎಲ್ಲ ಕಡೆ ಬರುತ್ತದೆ. ನನ್ನ ಪ್ರಕಾರ ಇರಬಹುದು, ಆದರೆ ಸದಸ್ಯರಾಗಿ ಇರಬೇಕು, ಅಡ್ಮಿನ್ ಆಗಿ ಬೇಡ. ನಾಳೆ ಶಾಲೆಗೆ ಭೇಟಿ ಕೊಡುವವರು ಗುಂಪು ನಡೆಸುತ್ತಿದ್ದರೆ ಯಾರೂ ತಮ್ಮ ಮಕ್ಕಳ ತಪ್ಪು ಲೆಕ್ಕದ ಫೋಟೋ ಹಾಕುವುದಿಲ್ಲ, ಚೆನ್ನಾಗಿ ಬರೆದ ಒಂದೇ ಮಗುವಿನ ನೋಟ್‌ಬುಕ್ ಹಾಕುತ್ತಾರೆ. ಗುಂಪಿನಲ್ಲಿ ಬಂದ ವಿಷಯ ಯಾವ ವರದಿಗೂ ಹೋಗುವುದಿಲ್ಲ ಅನ್ನುವುದನ್ನು ಮೊದಲೇ ಅವರೊಂದಿಗೆ ಮಾತಾಡಿಕೊಳ್ಳಿ. ಒಳ್ಳೆಯ ಸಿಆರ್‌ಪಿ ಆಗಿದ್ದರೆ ಖುಷಿಯಿಂದ ಒಪ್ಪುತ್ತಾರೆ. ತಿಂಗಳ ಸಮಾಲೋಚನಾ ಸಭೆಯಲ್ಲಿ ನಿಮಗೆ ಅರ್ಧ ಗಂಟೆ ಬಿಟ್ಟುಕೊಟ್ಟರೂ ಕೊಡಬಹುದು.

ಹೆಜ್ಜೆ 2: ಒಂದೇ ಪ್ರಶ್ನೆ ಹಿಡಿಯಿರಿ

'ಗಣಿತದಲ್ಲಿ ಮಕ್ಕಳು ಹಿಂದುಳಿದಿದ್ದಾರೆ, ಏನು ಮಾಡೋಣ?' ಇದನ್ನು ಹಿಡಿದು ಆರು ವಾರ ಮಾತಾಡಿದರೂ ಎಲ್ಲಿಗೂ ಮುಟ್ಟುವುದಿಲ್ಲ. ಮನೆ ಪರಿಸ್ಥಿತಿ, ಮೊಬೈಲು, ಪೋಷಕರು, ಮತದಾರರ ಪಟ್ಟಿಯ ಬಿಎಲ್‌ಒ ಕೆಲಸ, ಎಲ್ಲ ಸುತ್ತಿ ಬಂದು ನಿಟ್ಟುಸಿರಿನಲ್ಲಿ ನಿಲ್ಲುತ್ತದೆ. ಅವೆಲ್ಲ ನಿಜವಾದ ಕಷ್ಟಗಳೇ. ಈ ಗುಂಪಿನ ಕೈಯಲ್ಲಿಲ್ಲ, ಅಷ್ಟೇ.

ಪ್ರಶ್ನೆ ಒಂದು ಪುಟದ ಮೇಲೆ ಕಾಣುವಂತಿರಬೇಕು. 'ನಡುವೆ ಸೊನ್ನೆ ಬಂದಾಗ ಮಕ್ಕಳು ಕಳೆಯುವ ಲೆಕ್ಕದಲ್ಲಿ ಯಾಕೆ ಎಡವುತ್ತಾರೆ?' ಇದು ಕಾಣುತ್ತದೆ. ಕನ್ನಡದವರಾದರೆ ಹಳೇ ಮೈಸೂರು ಕಡೆಯ ಮಕ್ಕಳು 'ಹಾಲು' ಅನ್ನುವುದನ್ನು 'ಆಲು' ಅಂತ ಬರೆಯುವುದನ್ನು ಹಿಡಿಯಬಹುದು, ಇಲ್ಲವೇ ಒತ್ತಕ್ಷರ. ವಿಜ್ಞಾನದಲ್ಲಿ ಭೂಮಿಯ ನೆರಳು ಬಿದ್ದು ಚಂದ್ರ ಚಿಕ್ಕದಾಗುತ್ತಾನೆ ಅನ್ನುವ ಮಕ್ಕಳ ನಂಬಿಕೆ ಒಳ್ಳೆಯ ಪ್ರಶ್ನೆ, ದೊಡ್ಡವರಲ್ಲೂ ಎಷ್ಟೋ ಜನ ಅದನ್ನೇ ನಂಬಿದ್ದಾರೆ. ಹೈಸ್ಕೂಲ್ ಗಣಿತದವರಿಗೆ 1/2 + 1/3 = 2/5 ಅನ್ನುವ ತಪ್ಪು ಇದ್ದೇ ಇದೆ.

ಹೆಜ್ಜೆ 3: ಇರುವ ಫೋನಲ್ಲೇ ಕೆಲಸ ಮುಗಿಸಿ

ಹೊಸ ಆ್ಯಪ್ ಇನ್‌ಸ್ಟಾಲ್ ಮಾಡಿ ಅಂದ ತಕ್ಷಣ ಇಬ್ಬರು ಕಳಚಿಕೊಳ್ಳುತ್ತಾರೆ. ಮಾತಿಗೆ ವಾಟ್ಸಾಪ್, ಮುಖ ನೋಡಲು ಗೂಗಲ್ ಮೀಟ್, ಇಟ್ಟುಕೊಳ್ಳಲು ಗೂಗಲ್ ಡ್ರೈವ್. ಮೂರೂ ಹೆಚ್ಚಿನವರ ಫೋನಿನಲ್ಲಿ ಆಗಲೇ ಇವೆ.

ಉಚಿತ ಮೀಟ್‌ನಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದರೆ 60 ನಿಮಿಷಕ್ಕೆ ಕರೆ ನಿಲ್ಲುತ್ತದೆ, ಉಚಿತ ಜೂಮ್‌ನಲ್ಲಿ 40ಕ್ಕೇ. ಇದನ್ನು ವರ ಅಂತಲೇ ತಿಳಿಯಿರಿ. ಮೇಷ್ಟ್ರುಗಳ ಸಭೆ ತಾನಾಗಿ ಮುಗಿದ ಉದಾಹರಣೆ ಕಡಿಮೆ.

ಡ್ರೈವ್‌ನಲ್ಲಿ ಒಂದೇ ಒಂದು ಫೋಲ್ಡರ್ ಮಾಡಿ, ಅದರೊಳಗೆ ಮೂರು: ಮಕ್ಕಳ ಬರಹ, ಪಾಠ ಯೋಜನೆ, ಸಭೆಯ ಟಿಪ್ಪಣಿ. ಫೈಲಿಗೆ ಹೆಸರಿಡುವುದನ್ನು ಮೊದಲ ದಿನವೇ ತೀರ್ಮಾನಿಸಿ. 'ಹೊಸದು ಫೈನಲ್ 2' ಅಂತ ಇದ್ದರೆ ಒಂದು ತಿಂಗಳ ನಂತರ ಯಾರಿಗೂ ಸಿಗುವುದಿಲ್ಲ. ತರಗತಿ, ವಿಷಯ, ದಿನಾಂಕ ಇಷ್ಟು ಇದ್ದರೆ ಸಾಕು.

ಈಗ ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇರುವ ಒಂದು ತಲೆನೋವು. ಹಳೆಯ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲನ್ನು ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡದ ಬದಲು ಏನೇನೋ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಫೈಲ್ ಕೆಟ್ಟಿಲ್ಲ, ಅದು ಯೂನಿಕೋಡ್ (ಎಲ್ಲ ಸಾಧನಗಳಿಗೂ ಒಂದೇ ಆಗಿರುವ ಅಕ್ಷರ ಸಂಕೇತ) ಅಲ್ಲ ಅಷ್ಟೇ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ, ಫೋನಿನಲ್ಲಿ ಕಾಣುವುದಿಲ್ಲ, ಹುಡುಕಿದರೂ ಸಿಗುವುದಿಲ್ಲ. ಹಳೆಯ ಫೈಲುಗಳನ್ನು ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಇವೆ. ಒತ್ತಕ್ಷರ, ಅರ್ಕಾವತ್ತು ಇರುವಲ್ಲಿ ಒಮ್ಮೆ ಓದಿ ತಿದ್ದಿಕೊಳ್ಳಬೇಕಾಗಬಹುದು. ಹೊಸದಾಗಿ ಬರೆಯುವುದನ್ನೆಲ್ಲ ಯೂನಿಕೋಡ್‌ನಲ್ಲೇ ಬರೆಯಿರಿ. ಟೈಪಿಂಗ್ ಕಷ್ಟ ಅನ್ನುವವರಿಗೆ ಫೋನಿನ ಕೀಬೋರ್ಡ್‌ನಲ್ಲಿ ಮೈಕ್ ಗುರುತು ಇದೆ, ಕನ್ನಡ ಆಯ್ಕೆ ಮಾಡಿಕೊಂಡು ಮಾತಾಡಿದರೆ ತಾನೇ ಬರೆಯುತ್ತದೆ. ನಿವೃತ್ತಿಗೆ ಹತ್ತಿರ ಇರುವ ಹಿರಿಯರಿಗೆ ಇದನ್ನೊಂದು ತೋರಿಸಿಕೊಟ್ಟರೆ ಅವರೇ ಎಲ್ಲರಿಗಿಂತ ಜಾಸ್ತಿ ಬರೆಯುತ್ತಾರೆ, ಅವರ ಹತ್ತಿರ ಹೇಳುವುದಕ್ಕೆ ಅಷ್ಟಿರುತ್ತದೆ.

ಹೆಜ್ಜೆ 4: ಮಕ್ಕಳ ಬರಹ ತನ್ನಿ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಎಲ್ಲರೂ ತಮ್ಮ ತರಗತಿಗೆ ಒಂದೇ ಲೆಕ್ಕ ಕೊಡಬೇಕು. ಹೇಳಿಕೊಡಬಾರದು, ಬೋರ್ಡಿನ ಮೇಲೆ ಮಾಡಿ ತೋರಿಸಬಾರದು, ಮಕ್ಕಳು ಮಾಡಿದ್ದನ್ನು ತಿದ್ದಲೂಬಾರದು. ಉದಾಹರಣೆಗೆ 403ರಲ್ಲಿ 168 ಕಳೆಯಿರಿ. ಸರಿ ಉತ್ತರ 235. ತಪ್ಪಾಗಿರುವ ಪುಟಗಳಲ್ಲಿ ನಾಲ್ಕೈದನ್ನು ಆರಿಸಿ ಫೋಟೋ ತೆಗೆದು ಫೋಲ್ಡರಿಗೆ ಹಾಕಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಪೆನ್ಸಿಲ್ ಬರಹ ಮಸುಕಾಗುತ್ತದೆ, ಮಗು ಬರೆದು ಅಳಿಸಿದ ಗುರುತು ಕಾಣುವುದೇ ಇಲ್ಲ, ನಮಗೆ ಬೇಕಾಗಿರುವುದೋ ಆ ಗುರುತೇ.

ಈ ಲೆಕ್ಕಕ್ಕೆ ಸಾಮಾನ್ಯವಾಗಿ ಬರುವ ಮೂರು ತಪ್ಪು ಉತ್ತರ ನೋಡಿ.

ಮೊದಲನೆಯದು 365. ಈ ಮಗು ಸಾಲ ತೆಗೆದುಕೊಳ್ಳುವ ಗೋಜಿಗೇ ಹೋಗಿಲ್ಲ. ಬಿಡಿಯಲ್ಲಿ 3 ಮತ್ತು 8, ದೊಡ್ಡದರಲ್ಲಿ ಚಿಕ್ಕದು ಕಳೆದರೆ 5. ಹತ್ತರಲ್ಲಿ 0 ಮತ್ತು 6, ಅಲ್ಲೂ 6. ನೂರರಲ್ಲಿ 4 ಕಳೆ 1, ಅಂದರೆ 3. ಮಗು ಮೂರು ಬೇರೆ ಬೇರೆ ಲೆಕ್ಕ ಮಾಡಿದೆ. 403 ಅನ್ನುವುದು ಒಂದೇ ಸಂಖ್ಯೆ ಅನ್ನುವುದು ಅದರ ತಲೆಯಲ್ಲಿಲ್ಲ.

ಎರಡನೆಯದು 245. ಈ ಮಗು ನೂರರಿಂದ ಒಂದು ತೆಗೆದು 3 ಮಾಡಿದೆ, ಸೊನ್ನೆಯನ್ನು 10 ಮಾಡಿದೆ, 3ನ್ನು 13 ಮಾಡಿದೆ. ಆದರೆ ಬಿಡಿಗೆ ಕೊಟ್ಟ ಮೇಲೆ 10 ಅನ್ನುವುದು 9 ಆಗಬೇಕಿತ್ತು, ಆಗಿಲ್ಲ. 13 ಕಳೆ 8 ಐದು, 10 ಕಳೆ 6 ನಾಲ್ಕು, 3 ಕಳೆ 1 ಎರಡು. ಒಂದು ಹೆಜ್ಜೆ ತಪ್ಪಿದೆ, ಉಳಿದದ್ದೆಲ್ಲ ಗೊತ್ತು.

ಮೂರನೆಯದು 335. ಈ ಮಗುವಿಗೆ 'ಸೊನ್ನೆ ಇದ್ದರೆ 9 ಆಗುತ್ತದೆ' ಅನ್ನುವುದು ಬಾಯಿಪಾಠ ಬಂದಿದೆ. 9 ಮಾಡಿದೆ, 13 ಮಾಡಿದೆ, ಆದರೆ ನೂರರಲ್ಲಿ ಇದ್ದ 4 ಹಾಗೇ ಉಳಿದಿದೆ. ಆ 9 ಎಲ್ಲಿಂದ ಬಂತು ಅಂತ ಕೇಳಿದರೆ ಸುಮ್ನೆ ನಿಲ್ಲುತ್ತದೆ.

ಮೂರಕ್ಕೂ ನಾವು ಹಾಕುವುದು ಒಂದೇ ಕೆಂಪು ಗೆರೆ, ಮೂವರಿಗೂ ಹೇಳುವುದು 'ಇನ್ನೊಂದು ಸಲ ಮಾಡು'. ಆದರೆ ಮೂವರಿಗೂ ಬೇಕಾಗಿರುವ ಪಾಠ ಬೇರೆ. ಒಬ್ಬರೇ ಕೂತು ನಲವತ್ತು ನೋಟ್‌ಬುಕ್ ತಿದ್ದುವಾಗ ಇದು ಕಣ್ಣಿಗೆ ಬೀಳುವುದು ಕಷ್ಟ. ಎಂಟು ಶಾಲೆಯ ಪುಟಗಳನ್ನು ಒಟ್ಟಿಗೆ ಹರಡಿಕೊಂಡಾಗ, ಬೇರೆ ಬೇರೆ ಊರಿನ, ಒಬ್ಬರನ್ನೊಬ್ಬರು ನೋಡದ ಮಕ್ಕಳು ಒಂದೇ ರೀತಿ 335 ಬರೆದದ್ದು ಕಂಡಾಗ, ಇದು ಮಗುವಿನ ದಡ್ಡತನ ಅಲ್ಲ, ನಾವೆಲ್ಲ ಹೇಳಿಕೊಟ್ಟ ರೀತಿಯಲ್ಲೇ ಏನೋ ಇದೆ ಅನ್ನುವ ಅನುಮಾನ ಬರುತ್ತದೆ. 'ಪಕ್ಕದ ಮನೆಯಿಂದ ಸಾಲ ತಗೋ, ಅಲ್ಲಿ ಸೊನ್ನೆ ಇದ್ದರೆ ಅದರ ಪಕ್ಕದ ಮನೆಗೆ ಹೋಗು' ಅನ್ನುವ ಕಥೆ ನಾವೆಲ್ಲ ಹೇಳುವವರೇ ತಾನೇ? ಆ ಕಥೆಯಲ್ಲಿ ಯಾರ ಹತ್ತಿರ ಎಷ್ಟು ಉಳಿಯಿತು ಅನ್ನುವುದು ಮಾತ್ರ ಬರುವುದೇ ಇಲ್ಲ.

ಮಕ್ಕಳ ಗುರುತಿನ ವಿಚಾರದಲ್ಲಿ ಬಿಗಿಯಾಗಿರಿ. ಫೋಟೋ ತೆಗೆಯುವ ಮೊದಲು ಹೆಸರಿನ ಮೇಲೆ ಒಂದು ಚೀಟಿ ಇಡಿ. ಮುಖ ಬೇಡ, ರಿಜಿಸ್ಟರ್ ನಂಬರ್ ಬೇಡ, ಸ್ಯಾಟ್ಸ್ ನಂಬರ್ ಅಂತೂ ಬೇಡವೇ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಕಾಯ್ದೆ ಹಾಗಿರಲಿ, ತನ್ನ ಮಗಳ ತಪ್ಪು ಲೆಕ್ಕ ಹತ್ತು ಜನರ ಫೋನಿನಲ್ಲಿದೆ ಅಂತ ಗೊತ್ತಾದರೆ ಆ ತಾಯಿಗೆ ಹೇಗಾಗಬೇಡ?

ಹೆಜ್ಜೆ 5: ಅರವತ್ತು ನಿಮಿಷದ ಸಭೆ

ಸಮಯ ಗೊತ್ತು ಮಾಡುವುದು ಕಾಣುವಷ್ಟು ಸುಲಭ ಅಲ್ಲ. ರಾತ್ರಿ ಎಂಟು ಗಂಟೆ ಅಂದರೆ ಗಂಡಸರು ತಲೆಯಾಡಿಸುತ್ತಾರೆ, ಮೇಡಂಗಳು ಸುಮ್ಮನಿರುತ್ತಾರೆ. ಸುಮ್ಮನಿದ್ದಾರೆ ಅಂದರೆ ಒಪ್ಪಿದ್ದಾರೆ ಅಂತಲ್ಲ, ಆ ಹೊತ್ತಿಗೆ ಅವರ ಕೈಯಲ್ಲಿ ಸೌಟಿರುತ್ತದೆ. ವಾಟ್ಸಾಪ್‌ನಲ್ಲಿ ಪೋಲ್ ಹಾಕಿ, ನಾಲ್ಕು ಸಮಯ ಕೊಡಿ, ಒಬ್ಬರಿಗಾದರೂ ಆಗದ ಸಮಯವನ್ನು ಬಿಡಿ. ಹದಿನೈದು ದಿನಕ್ಕೊಮ್ಮೆ ಸೇರಿದರೆ ಸಾಕು, ಆರು ವಾರದಲ್ಲಿ ಮೂರು ಸಭೆ ಆಗುತ್ತವೆ.

ಮೊದಲ ಹತ್ತು ನಿಮಿಷ 'ಕೇಳಿಸ್ತಾ ಇದೆಯಾ? ಕಾಣಿಸ್ತಾ ಇದೆಯಾ?' ಯಲ್ಲಿ ಹೋಗುವುದನ್ನು ತಪ್ಪಿಸಲು ಒಂದು ಉಪಾಯ: ಸ್ಕ್ರೀನ್ ಮೇಲೆ ತೋರಿಸಬೇಕಾದ ಪುಟಗಳನ್ನು ಹಿಂದಿನ ದಿನವೇ ಗುಂಪಿಗೆ ಹಾಕಿಬಿಡಿ. ಆಗ ಸ್ಕ್ರೀನ್ ಶೇರ್ ಕೈಕೊಟ್ಟರೂ ಎಲ್ಲರೂ ತಮ್ಮ ಫೋನಿನಲ್ಲೇ ನೋಡುತ್ತಾರೆ. ವಿಡಿಯೋ ಆಫ್ ಇದ್ದರೂ ಪರವಾಗಿಲ್ಲ. ಮಲೆನಾಡಿನ ಕಡೆಯವರು ಸಿಗ್ನಲ್‌ಗಾಗಿ ಗುಡ್ಡ ಹತ್ತಿ ಕೂತಿರುತ್ತಾರೆ, ಅವರಿಗೆ ಕ್ಯಾಮೆರಾ ಹಾಕಿ ಅಂತ ಒತ್ತಾಯ ಮಾಡುವುದು ಅನ್ಯಾಯ.

ಮೊದಲ ಇಪ್ಪತ್ತು ನಿಮಿಷ ಪುಟಗಳನ್ನು ನೋಡುವುದು ಮಾತ್ರ. ಈ ಹೊತ್ತಿನಲ್ಲಿ ಪರಿಹಾರ ಹೇಳುವಂತಿಲ್ಲ. ಮಗು ಏನು ಮಾಡಿದೆ, ಯಾಕೆ ಹಾಗೆ ಮಾಡಿರಬಹುದು, ಇಷ್ಟೇ ಮಾತು. ಇದು ತುಂಬಾ ಕಷ್ಟ. ನಮ್ಮ ಮೇಷ್ಟ್ರ ಜಾತಿಯೇ ಹಾಗೆ, ತಪ್ಪು ಕಂಡ ತಕ್ಷಣ ತಿದ್ದಲು ಕೈ ತುರಿಸುತ್ತದೆ. 'ನಾನಾದರೆ ಹೀಗೆ ಹೇಳಿಕೊಡ್ತೀನಿ' ಅಂತ ಯಾರಾದರೂ ಶುರು ಮಾಡಿದರೆ ನಡೆಸುವವರು ನಗುತ್ತಲೇ 'ಸರ್, ಅದಕ್ಕೆ ಇನ್ನೂ ಹತ್ತು ನಿಮಿಷ ಇದೆ, ಈಗ ಮಗುವಿನ ತಲೆಯೊಳಗೇ ಇರೋಣ' ಅನ್ನಬೇಕು.

ಮುಂದಿನ ಅರ್ಧ ಗಂಟೆ ಒಂದು ಪಾಠವನ್ನು ಸೇರಿ ಕಟ್ಟುವುದು. ಗೂಗಲ್ ಡಾಕ್ಸ್‌ನಲ್ಲಿ ಒಬ್ಬರು ಬರೆಯುತ್ತಾ ಹೋಗಲಿ, ಎಲ್ಲರೂ ತಿದ್ದಲಿ. ಮೇಲಿನ ಲೆಕ್ಕಕ್ಕೆ ನೋಟಿನ ಪಾಠ ಚೆನ್ನಾಗಿ ಹೊಂದುತ್ತದೆ. ಮಗುವಿನ ಕೈಯಲ್ಲಿ ನೂರರ ನಾಲ್ಕು ನೋಟು, ಒಂದು ರೂಪಾಯಿಯ ಮೂರು ನಾಣ್ಯ. ಅಂಗಡಿಗೆ 168 ರೂಪಾಯಿ ಕೊಡಬೇಕು, ಅಂಗಡಿಯವನ ಹತ್ತಿರ ಚಿಲ್ಲರೆ ಇಲ್ಲ. ಚಿಲ್ಲರೆ ಮಾಡಿಸದೆ ಗತಿಯಿಲ್ಲ. ನೂರರ ಒಂದು ನೋಟಿಗೆ ಹತ್ತರ ಹತ್ತು ನೋಟು, ಅದರಲ್ಲಿ ಒಂದಕ್ಕೆ ಮತ್ತೆ ಒಂದು ರೂಪಾಯಿಯ ಹತ್ತು ನಾಣ್ಯ. ಈಗ ಕೈಯಲ್ಲಿ ನೂರರ 3, ಹತ್ತರ 9, ಬಿಡಿ 13. ಆ 9 ಎಲ್ಲಿಂದ ಬಂತು ಅಂತ ಈಗ ಕೇಳಿ ನೋಡಿ. ಕಾಗದದ ನೋಟು ಕತ್ತರಿಸಿಕೊಂಡರೆ ಸಾಕು, ಬಹುವರ್ಗದ ಕೋಣೆಯಲ್ಲೂ ನಡೆಯುತ್ತದೆ.

ಕೊನೆಯ ಹತ್ತು ನಿಮಿಷದಲ್ಲಿ ಯಾರು ಯಾವತ್ತು ಈ ಪಾಠ ಮಾಡುತ್ತಾರೆ ಅಂತ ತೀರ್ಮಾನಿಸಿ. ಹೆಸರು, ವಾರ, ಪೀರಿಯಡ್, ಬರೆದೇ ಬಿಡಿ. ಸಭೆ ನಡೆಸುವ ಜವಾಬ್ದಾರಿ ಪ್ರತಿ ಸಲ ಬೇರೆಯವರಿಗೆ ಹೋಗಲಿ, ಇಲ್ಲದಿದ್ದರೆ ಮೂರನೇ ಸಭೆಗೆ ಅದು ಒಬ್ಬರ ಭಾಷಣ ಆಗುತ್ತದೆ. ಬರಲಾಗದವರಿಗಾಗಿ ಅರ್ಧ ಪುಟದ ಟಿಪ್ಪಣಿ ಅಂದೇ ರಾತ್ರಿ ಗುಂಪಿಗೆ ಬೀಳಲಿ. ರೆಕಾರ್ಡಿಂಗ್ ಯಾರೂ ನೋಡುವುದಿಲ್ಲ.

ಹೆಜ್ಜೆ 6: ಒಬ್ಬರು ಪಾಠ ಮಾಡಿ, ಉಳಿದವರು ಕೇಳಿ

ಜಪಾನಿನಲ್ಲಿ ಇಂಥದ್ದೇ ಒಂದು ಪದ್ಧತಿ ನೂರು ವರ್ಷಕ್ಕೂ ಹಳೆಯದು. ಶಿಕ್ಷಕರು ಸೇರಿ ಒಂದು ಪಾಠ ತಯಾರಿಸುತ್ತಾರೆ, ಒಬ್ಬರು ತರಗತಿಯಲ್ಲಿ ಮಾಡುತ್ತಾರೆ, ಉಳಿದವರು ಹಿಂದೆ ನಿಂತು ಮಕ್ಕಳನ್ನು ಗಮನಿಸುತ್ತಾರೆ, ಆಮೇಲೆ ಕೂತು ಪಾಠವನ್ನು ತಿದ್ದುತ್ತಾರೆ. ಗಮನ ಇರುವುದು ಮಕ್ಕಳ ಮೇಲೆ, ಪಾಠ ಮಾಡಿದವರ ಮೇಲಲ್ಲ.

ನಮಗೆ ಹಿಂದೆ ನಿಲ್ಲಲು ಆಗುವುದಿಲ್ಲ, ಶಾಲೆ ಬಿಟ್ಟು ಹೋಗಲು ಓಒಡಿ (ಬೇರೆ ಕರ್ತವ್ಯದ ಮೇಲೆ ಹೋಗುವ ಅನುಮತಿ) ಯಾರು ಕೊಡುತ್ತಾರೆ? ಅದಕ್ಕೆ ಬದಲಿ ದಾರಿ ಇದು. ಪಾಠ ಮುಗಿದ ಕೂಡಲೇ, ಬಿಸಿಯೂಟದ ಗದ್ದಲ ಶುರುವಾಗುವ ಮೊದಲೇ, ಎರಡು ನಿಮಿಷದ ಒಂದು ವಾಯ್ಸ್ ಮೆಸೇಜ್ ಹಾಕಿ. ಸಂಜೆ ಹೇಳೋಣ ಅಂದುಕೊಂಡರೆ ಸಂಜೆಗೆ 'ಚೆನ್ನಾಗಾಯ್ತು' ಅನ್ನುವುದು ಮಾತ್ರ ಉಳಿದಿರುತ್ತದೆ. ಯಾವ ಮಗು ಏನು ಕೇಳಿತು, ಎಲ್ಲಿ ಎಲ್ಲರೂ ಗೊಂದಲಕ್ಕೆ ಬಿದ್ದರು, ಎಷ್ಟು ಹೊತ್ತು ಹಿಡಿಯಿತು, ಇವಿಷ್ಟು ಹೇಳಿ. ಜೊತೆಗೆ ಬೋರ್ಡಿನ ಒಂದು ಫೋಟೋ. ಒಬ್ಬರು ಹೀಗೆ ಮಾಡಿದ ಮೇಲೆ ಪಾಠವನ್ನು ತಿದ್ದಿ, ಮುಂದಿನ ವಾರ ಇನ್ನೊಬ್ಬರು ತಿದ್ದಿದ ಪಾಠ ಮಾಡಲಿ. ಅಂಗಡಿಯವನಿಗೆ ಚಿಲ್ಲರೆ ಇಲ್ಲ ಅಂತ ಮೊದಲೇ ಹೇಳದಿದ್ದರೆ ಮಕ್ಕಳು ಎರಡು ನೂರರ ನೋಟು ಕೊಟ್ಟು ಬಾಕಿ 32 ಕೇಳುತ್ತಾರೆ, ಇದು ಪಾಠ ಮಾಡಿದಾಗಲೇ ಗೊತ್ತಾಗುವುದು. ಮಕ್ಕಳು ಹೇಳುವುದೂ ಸರಿಯಾದ ದಾರಿಯೇ, ನಮ್ಮ ಪಾಠ ಮಾತ್ರ ಹಳಿ ತಪ್ಪುತ್ತದೆ.

ಹೆಜ್ಜೆ 7: ಗುಂಪಿನ ಮಾತು

ಶುಭೋದಯ, ಹಬ್ಬದ ಹಾರೈಕೆ, ಸುತ್ತೋಲೆ ಇಲ್ಲಿ ಬೇಡ ಅಂತ ಗುಂಪಿನ ವಿವರಣೆಯಲ್ಲಿ ಬರೆದಿಡಿ. ಈ ವಾರದ ಪ್ರಶ್ನೆಯನ್ನು ಪಿನ್ ಮಾಡಿ. ಒಬ್ಬರ ಮಾತಿಗೆ ಉತ್ತರ ಕೊಡುವಾಗ ಆ ಮೆಸೇಜನ್ನೇ ಒತ್ತಿ ಹಿಡಿದು ರಿಪ್ಲೈ ಮಾಡಿ, ಇಲ್ಲದಿದ್ದರೆ ಹತ್ತು ಮೆಸೇಜ್ ದಾಟಿದ ಮೇಲೆ ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತ ಗೊತ್ತಾಗುವುದಿಲ್ಲ.

ನಿಜವಾದ ಕಾಯಿಲೆ ಶುಭೋದಯ ಅಲ್ಲ. 'ಸೂಪರ್ ಸರ್' ಅನ್ನುವುದು. ಚಪ್ಪಾಳೆಯ ಚಿತ್ರ ಬಿದ್ದ ಮೇಲೆ ಚರ್ಚೆ ಸತ್ತಂತೆ. ಮೆಚ್ಚುಗೆ ಬೇಡ ಅಂತಲ್ಲ, ಯಾವುದು ಇಷ್ಟವಾಯಿತು ಅಂತ ಒಂದು ಸಾಲು, ಒಂದು ಪ್ರಶ್ನೆ ಸೇರಿಸಿ ಅಂತ ಕೇಳಿಕೊಳ್ಳಿ. 'ನೋಟಿನ ಐಡಿಯಾ ಹಿಡಿಸ್ತು ಮೇಡಂ, ನೋಟು ಎಣಿಸೋಕೇ ಗೊತ್ತಿಲ್ಲದ ಮಗು ಇದ್ದರೆ ಏನು ಮಾಡಿದ್ರಿ?' ಈ ಥರ.

ಹಿರಿಯರಿಗೆ ಎದುರು ಮಾತಾಡುವುದು ನಮ್ಮಲ್ಲಿ ಕಷ್ಟ. ಇಪ್ಪತ್ತೈದು ವರ್ಷ ಸರ್ವೀಸ್ ಆದವರು 'ಇದೆಲ್ಲ ಬೇಡ, ನಾಲ್ಕು ಸಲ ಬರೆಸಿದರೆ ತಾನೇ ಬರುತ್ತೆ' ಅಂದರೆ ಹೊಸಬರು ಬಾಯಿ ಮುಚ್ಚುತ್ತಾರೆ. ಆಗ ವಾದಕ್ಕೆ ಇಳಿಯಬೇಡಿ, ಪುಟಕ್ಕೆ ಬನ್ನಿ. 'ಸರ್, ನೀವು ಹೇಳಿದ ಹಾಗೆ ಬರೆಸಿದ ಮೇಲಿನ ಪುಟ ಇದ್ದರೆ ಹಾಕ್ತೀರಾ, ನೋಡೋಣ' ಅನ್ನಿ. ಬರೆಸುವುದರಿಂದ ನಿಜವಾಗಿಯೂ ಕೆಲವರಿಗೆ ಬಂದಿರಬಹುದು, ಅದೂ ಗೊತ್ತಾಗಲಿ. ಮಾತೇ ಆಡದವರಿಗೆ ಗುಂಪಿನಲ್ಲಿ ಹೆಸರು ಹಿಡಿದು ಕರೆಯಬೇಡಿ, ಫೋನ್ ಮಾಡಿ. ಟೈಪಿಂಗ್ ಬರದೆ ಸುಮ್ಮನಿರುವವರು, ಮನೆಯಲ್ಲಿ ಕಷ್ಟ ಇರುವವರು, ತಮ್ಮ ಕನ್ನಡ ಸರಿಯಿಲ್ಲ ಅಂದುಕೊಂಡಿರುವ ಉರ್ದು ಅಥವಾ ಮರಾಠಿ ಮಾಧ್ಯಮದವರು, ಕಾರಣಗಳು ಬೇರೆ ಬೇರೆ ಇರುತ್ತವೆ.

ಹೆಜ್ಜೆ 8: ಹೊರಗಿನ ಸಾಮಗ್ರಿ, ಹಕ್ಕು, ಎಐ

ದೀಕ್ಷಾ, ಡಿಎಸ್‌ಇಆರ್‌ಟಿ ಸಾಮಗ್ರಿ, ಖಾನ್ ಅಕಾಡೆಮಿಯ ಕನ್ನಡ ವಿಡಿಯೋಗಳು, ಕೊಲರಾಡೋ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಷನ್‌ಗಳು (ಕೆಲವು ಕನ್ನಡದಲ್ಲೂ ಇವೆ) ಎಲ್ಲ ಬಳಸಿ. ಆದರೆ ಪ್ರಶ್ನೆ ಹುಟ್ಟಿದ ಮೇಲೆ ಹುಡುಕಿ, ಸಿಕ್ಕಿತು ಅಂತ ಪ್ರಶ್ನೆ ಹುಟ್ಟಿಸಬೇಡಿ. ನೀವು ಸೇರಿ ಮಾಡಿದ ಪಾಠವನ್ನು ಹೊರಗೆ ಹಂಚುವುದಾದರೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ (ಬೇರೆಯವರು ಹೆಸರು ಹೇಳಿ ಬಳಸಲು ಬಿಡುವ ಮುಕ್ತ ಪರವಾನಗಿ) ಒಂದು ಸಾಲು ಹಾಕಿ, ಕೆಲಸ ಮಾಡಿದ ಎಲ್ಲರ ಹೆಸರು ಬರೆಯಿರಿ. ಖಾಸಗಿ ಪ್ರಕಾಶಕರ ಗೈಡಿನ ಸ್ಕ್ಯಾನ್ ಮಾತ್ರ ಫೋಲ್ಡರಿಗೆ ಬೇಡ.

ಎಐ ಬಗ್ಗೆ ಎಲ್ಲರೂ ಕೇಳುತ್ತಾರೆ. ಒಂದೇ ಮಾದರಿಯ ಇಪ್ಪತ್ತು ಲೆಕ್ಕ ಬೇಕು ಅಂದರೆ ಕ್ಷಣದಲ್ಲಿ ಕೊಡುತ್ತದೆ, ಉಪಯೋಗಿಸಿ, ಉತ್ತರಗಳನ್ನು ನೀವೇ ಮಾಡಿ ನೋಡಿ. ಪಾಠ ಯೋಜನೆಯನ್ನು ಪೂರ್ತಿ ಅದರಿಂದಲೇ ಬರೆಸಿದರೆ ನೋಡಲು ಚಂದ ಇರುತ್ತದೆ, ಕಟ್ಟುವಾಗ ಆಗಬೇಕಿದ್ದ ಜಗಳ ಮಾತ್ರ ಆಗಿರುವುದಿಲ್ಲ. ನಮಗೆ ಬೇಕಿದ್ದದ್ದು ಆ ಜಗಳ. ಮಕ್ಕಳ ಹೆಸರು, ಅಂಕಪಟ್ಟಿ ಯಾವ ಕಾರಣಕ್ಕೂ ಅಲ್ಲಿಗೆ ಹಾಕಬೇಡಿ.

ಹೆಜ್ಜೆ 9: ಕೆಲಸ ಆಯಿತಾ ಅಂತ ನೋಡಿ

ಆರು ವಾರ ಆದ ಮೇಲೆ ಅದೇ ರೀತಿಯ ಬೇರೆ ಲೆಕ್ಕ ಕೊಡಿ, 502ರಲ್ಲಿ 267 ಅಂತಿಟ್ಟುಕೊಳ್ಳಿ. ಎಷ್ಟು ಜನ ಸರಿ ಮಾಡಿದರು ಅಂತ ಎಣಿಸುವುದು ಇದ್ದೇ ಇದೆ. ಅದಕ್ಕಿಂತ, ಯಾವ ತಪ್ಪು ಎಷ್ಟು ಕಡಿಮೆ ಆಯಿತು ಅಂತ ಎಣಿಸಿ. ಮೊದಲು 365 ಥರದ ತಪ್ಪು ಮಾಡುತ್ತಿದ್ದ ಮಗು ಈಗ 245 ಥರದ ತಪ್ಪು ಮಾಡಿದರೆ ಅಂಕ ಎರಡು ಸಲವೂ ಸೊನ್ನೆಯೇ, ಆದರೆ ಮಗು ಎಷ್ಟೋ ಮುಂದೆ ಬಂದಿದೆ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕದಲ್ಲಿ ಇದು ಕಾಣುವುದಿಲ್ಲ. ಈ ಲೆಕ್ಕವನ್ನು ಕಚೇರಿಗೆ ಕಳಿಸುವ ಅಂಕಿಅಂಶ ಮಾಡಲು ಹೋಗಬೇಡಿ, ಒಮ್ಮೆ ಹೋದರೆ ಮುಂದಿನ ಸಲ ನಿಮ್ಮ ಗುಂಪಿಗೇ ನಿಜವಾದ ಪುಟಗಳು ಬರುವುದು ನಿಲ್ಲುತ್ತದೆ.

ಸುತ್ತು ಮುಗಿದ ಮೇಲೆ ಎರಡು ವಾರ ಬಿಡುವು ಕೊಡಿ. ಮುಂದುವರಿಯುವವರು ಮುಂದುವರಿಯಲಿ, ಬಿಡುವವರು ಬೇಸರವಿಲ್ಲದೆ ಬಿಡಲಿ, ಹೊಸ ಪ್ರಶ್ನೆಗೆ ಹೊಸಬರು ಬರಲಿ. ಪರೀಕ್ಷೆ, ಜನಗಣತಿ, ಚುನಾವಣೆ ಕೆಲಸ ಬಂದ ತಿಂಗಳು ಸಭೆ ಇಡಲೇಬೇಡಿ.

ಇನ್ನೊಂದು ಸಣ್ಣ ಕೆಲಸ ಬಾಕಿ ಇದೆ, ಎಲ್ಲರೂ ಮರೆಯುವುದು ಇದನ್ನೇ. ಡ್ರೈವ್ ಫೋಲ್ಡರ್ ಯಾರೋ ಒಬ್ಬರ ಸ್ವಂತ ಜಿಮೇಲ್‌ನಲ್ಲಿ ಇರುತ್ತದೆ. ಉಚಿತ ಜಾಗ 15 ಜಿಬಿ, ಅದರಲ್ಲೇ ಅವರ ಮೇಲ್, ಮಗಳ ಮದುವೆ ಫೋಟೋ ಎಲ್ಲ. ಅವರಿಗೆ ವರ್ಗಾವಣೆ ಆಗಬಹುದು, ನಿವೃತ್ತಿ ಆಗಬಹುದು, ಪಾಸ್‌ವರ್ಡ್ ಮರೆಯಬಹುದು. ಎರಡು ವರ್ಷ ಬಳಸದೇ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು. ಹಾಗಾಗಿ ಗುಂಪಿಗೆಂದೇ ಬೇರೆ ಜಿಮೇಲ್ ಮಾಡಿ, ಪಾಸ್‌ವರ್ಡ್ ಇಬ್ಬರ ಹತ್ತಿರ ಇರಲಿ, ಸುತ್ತು ಮುಗಿದಾಗಲೆಲ್ಲ ಪಾಠ ಯೋಜನೆಗಳನ್ನೂ ಟಿಪ್ಪಣಿಗಳನ್ನೂ ಇಳಿಸಿಕೊಂಡು ಯಾವುದಾದರೂ ಶಾಲೆಯ ಕಂಪ್ಯೂಟರಿನಲ್ಲಿ ಮತ್ತು ಒಂದು ಪೆನ್‌ಡ್ರೈವ್‌ನಲ್ಲಿ ಇಡಿ. ಮಕ್ಕಳ ಪುಟಗಳ ಫೋಟೋಗಳನ್ನು ಅಂದೇ ಅಳಿಸಿ.